ಬೆಸುಗೆಯೋ, ಬೇರೆ ಹೆಡ್ಡೋ

ಗ್ಯಾರೇಜಿನ ತಮ್ಮನಿಗೆ ಅಕ್ಕನ ಆಶೀರ್ವಾದ.

ನಮ್ಮ ಹಳೇ ಕಾರಿನ ಇಂಜಿನ್ ಮೇಲಿನ ಹೆಡ್ಡು ಬಿರುಕು ಬಿಟ್ಟಿದೆ, ಬೆಸುಗೆ ಹಾಕಲೋ ಬೇರೆ ಹೆಡ್ಡು ಕೂರಿಸಲೋ ಎಂದು ಕೇಳಿ ಕಳಿಸಿದ್ದೀಯ. ನಿನಗೆ ಕೆಲಸ ಕಲಿಸಿದ ಮೇಸ್ತ್ರಿ, ನಮ್ಮ ಯಜಮಾನರನ್ನೇ ಕೇಳಿದೆ. ಬೆಳಿಗ್ಗೆ, "ಬೆಸುಗೆ ಹಾಕಲಿ, ಕಾರಿನ ಜೊತೆಗೇ ಹುಟ್ಟಿದ ಹೆಡ್ಡು ಅದು" ಅಂದರು. ಊಟಕ್ಕೆ ಕೂತಾಗ, "ಬೆಸುಗೆ ನಿಲ್ಲಲ್ಲ ಕಣೇ, ಬೇರೆ ಹಾಕಿಸು" ಅಂದರು. ಕೈ ತೊಳೆದು ಬಂದವರೇ, "ಕಾರಿಗೆ ಏನಾಗಿದೆ?" ಅಂತ ನನ್ನನ್ನೇ ಕೇಳಿದರು.

ಅದು ಹೇಗೆ ಬಿರುಕು ಬಿಟ್ಟಿತು ಅಂತ ನೀನು ಕೇಳಲಿಲ್ಲ. ನಿನಗೆ ಗೊತ್ತಾಗಿರುತ್ತೆ. ಅವತ್ತು ಮನೆ ದಾರಿ ಸಿಗದೆ, ಇಂಜಿನ್ ಕುದಿಯೋವರೆಗೂ ಊರೆಲ್ಲ ಸುತ್ತಿದ್ದಾರೆ. ಆಮೇಲೆ ಆ ಕಾದ ಇಂಜಿನ್ನಿಗೇ ತಣ್ಣೀರು ಹುಯ್ದಿದ್ದಾರೆ. ಹಾಗೆ ಹುಯ್ಯಲು ಹೋಗಿ ಹಿಂದೆ ನೀನು ಅವರ ಕೈಲಿ ಎಷ್ಟು ಬೈಸಿಕೊಂಡಿದ್ದೆ, ನೆನಪಿದೆಯಲ್ಲ?

ಈಗ ದಿನಾ ಬಾಗಿಲಲ್ಲಿ ನಿಂತು ಕೀ ಕೇಳುತ್ತಾರೆ. "ಕಾರು ಕೆಟ್ಟಿದೆ, ತಮ್ಮನ ಹತ್ತಿರ ಇದೆ" ಅಂದರೆ, "ಅವನಾದರೆ ಸರಿ" ಅಂತ ಸುಮ್ಮನೆ ಕೂರುತ್ತಾರೆ. ನೀನು ಸರಿ ಮಾಡಿ ತಂದು ನಿಲ್ಲಿಸಿದ ದಿನ ಕೀ ಕೊಡದೆ ಇರೋಕೆ ಏನು ಹೇಳಲಿ? ದೇವರ ಹೆಸರು ಹೇಳೋ ಬಾಯಲ್ಲಿ ಅವರಿಗೆ ಸುಳ್ಳು ಹೇಳೋಕೆ ನಾಲಿಗೆ ಏಳಲ್ಲ. ಕಾರು ಮಾರಿಬಿಡು ಅಂತ ನಿನಗೆ ಹೇಳೋಕೂ ಮನಸ್ಸು ಬರಲ್ಲ.

ಅದಕ್ಕೇ ತಮ್ಮಾ, ಎರಡರಲ್ಲಿ ಯಾವುದಕ್ಕೆ ಹೆಚ್ಚು ದಿನ ಹಿಡಿಯುತ್ತೋ ಅದನ್ನೇ ಮಾಡು.

ದೇವರು ನಿನ್ನ ಕೈ ಕಾಯಲಿ.

ಇಂತಿ,
ನಿನ್ನ ಮೇಸ್ತ್ರಿಯ ಮನೆಯವಳು