ತವರಿನ ಕಬ್ಬಿಗೆ ಕುಂಕುಮ

ದೊಡ್ಡಬೆಳವಂಗಲ
9 ನವೆಂಬರ್ 2024

ಬೂದಿಗೆರೆಯಲ್ಲಿರುವ ವೇಣು ಅಣ್ಣನಿಗೆ ತಂಗಿ ಭಾಗ್ಯಳ ನಮಸ್ಕಾರ.

ಗೌರಿ ಹಬ್ಬದ ಬಾಗಿನ ತಲುಪಿತು ಎಂದು ಬರೆಯುವಷ್ಟರಲ್ಲಿ ದೀಪಾವಳಿಯೇ ಮುಗಿಯಿತು, ಬೇಸರಿಸಬೇಡ. ಫೋನಿರುವಾಗ ಕಾಗದವೇಕೆ ಎಂದು ಅತ್ತಿಗೆ ನಗಬಹುದು. ನಿನಗೆ ಬೇಡದ ಮಾತು ಬಂದ ಕೂಡಲೇ ಬೂದಿಗೆರೆಯಲ್ಲಿ ಸಿಗ್ನಲ್ ಹೋಗುತ್ತದೆ. ಕಾಗದಕ್ಕೆ ಆ ಸೌಕರ್ಯವಿಲ್ಲ.

ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ, ಕಬ್ಬೊಂದನ್ನು ಬಿಟ್ಟು. ಆಸ್ತಿ ಪಾಲಾದ ಮೇಲೆ ನಮ್ಮದೇ ಹೊಲದಲ್ಲಿ ಹಾಕಿದ ಮೊದಲ ಕಬ್ಬು ಅದು. ಹೆಣ್ಣುಮಗಳು ಮೊದಲ ಸಲ ಕಬ್ಬು ಹಾಕಿದರೆ ಬಿತ್ತನೆ ತವರಿನದೇ ಆಗಬೇಕು ಎಂದು ಅಪ್ಪ ನಡೆಸಿಕೊಂಡು ಬಂದಿದ್ದರಲ್ಲ, ಹಾಗೆಯೇ ನೀನೂ ಹೋದ ಸಂಕ್ರಾಂತಿಗೆ ತುಂಡು ಮಾಡಿಯೇ ಹೊರೆ ಕಳಿಸಿದೆ. ತುದಿಗಳೆಲ್ಲ ಕೆಂಪಗಿದ್ದವು. ನಮ್ಮತ್ತೆ ಲಕ್ಕಮ್ಮ, ತವರಿನವರು ಎಷ್ಟು ಚೆನ್ನಾಗಿ ಕುಂಕುಮ ಹಚ್ಚಿದ್ದಾರೆ ಎಂದು ಕಣ್ಣಿಗೊತ್ತಿಕೊಂಡರು. ಅಂಗಡಿಯ ಬಿತ್ತನೆಯಾಗಿದ್ದರೆ ನಾಲ್ಕನ್ನಾದರೂ ಸೀಳಿ ನೋಡುತ್ತಿದ್ದೆ. ತವರಿನದಕ್ಕೆ ಮಚ್ಚು ತೋರಿಸುವವರುಂಟೆ? ಹಾಗೇ ನೆಟ್ಟೆವು.

ಮಳೆ ಹಿಡಿದ ಮೇಲೆ ಸುಳಿಯ ಪಕ್ಕದ ಗರಿಗಳು ಹಳದಿಯಾದವು. ಗೊಬ್ಬರ ಸಾಲದು ಎಂದರು ನಿನ್ನ ಭಾವ. ಗೊಬ್ಬರ ಹಾಕಿದೆವು, ಗರಿ ಇನ್ನೂ ಚೆನ್ನಾಗಿ ಒಣಗಿತು. ಒಂದು ಕಬ್ಬು ಮುರಿದು ಉದ್ದಕ್ಕೆ ಸೀಳಿದೆ. ತಿರುಳೆಲ್ಲ ಕೆಂಪು, ನಡುನಡುವೆ ಅಡ್ಡಡ್ಡ ಬಿಳಿ ಮಚ್ಚೆ, ಹುಳಿ ಹೆಂಡದ ವಾಸನೆ. ಬಿ.ಎ. ಮುಗಿದರೂ ಪ್ರಾಸದ ಚಟ ಮುಗಿದಿಲ್ಲ ನೋಡು, ಅಲ್ಲೇ ಬಾಯಿಗೆ ಬಂತು:

ಹೊರಗೆ ನೋಡಿದರೆ ಹಸಿರು ಸಿಪ್ಪೆ,
ಒಳಗೆ ನೋಡಿದರೆ ಕೆಂಪು ತಿಪ್ಪೆ.

ರೈತ ಸಂಪರ್ಕ ಕೇಂದ್ರಕ್ಕೆ ಒಯ್ದು ತೋರಿಸಿದೆ. ಕೆಂಪು ಕೊಳೆ ರೋಗ, ಶಿಲೀಂಧ್ರದ ಕೆಲಸ, ಬಿತ್ತನೆಯಲ್ಲೇ ಬಂದಿದೆ, ನೀರಲ್ಲೂ ಹರಿದುಹೋಗುತ್ತದೆ, ಬುಡಸಮೇತ ಕಿತ್ತು ಸುಡಿ ಎಂದರು.

ನಿನ್ನ ಭಾವ ಒಪ್ಪಲಿಲ್ಲ. ಅರ್ಧವಾದರೂ ಚೆನ್ನಾಗಿದೆ, ಸಂಕ್ರಾಂತಿಯವರೆಗೆ ಕಾದು ಮಾರೋಣ, ಹಬ್ಬದ ಕಬ್ಬನ್ನು ಕೊಳ್ಳುವಾಗ ಯಾರು ಸೀಳುತ್ತಾರೆ ಎಂದರು. ನಾನು ಸೀಳಲಿಲ್ಲವಲ್ಲ, ಅದರಿಂದಲೇ ಇಷ್ಟೆಲ್ಲ ಎಂದೆ. ಅತ್ತೆಯದು ಬೇರೆ ರಾಗ. "ತವರಿನ ಕಬ್ಬಿಗೆ ಬೆಂಕಿ ಇಟ್ರೆ ಅಣ್ಣನ ಮನೆಗೇ ಇಟ್ಟಂಗೆ ಕಣೇ" ಎಂದು ಹೊಲದ ಬದುವಿನ ಮೇಲೆ ಕೂತುಬಿಟ್ಟರು.

ನಮ್ಮ ಕಬ್ಬಿನ ನೀರು ಇಳಿಯುವುದು ಆಂಜಿನಪ್ಪ ಮಾವನ ಹೊಲಕ್ಕೆ. ಅವರದೂ ಕಬ್ಬೇ. ಮೊದಲು ಆ ಕಾಲುವೆಗೆ ಮಣ್ಣು ಕಟ್ಟಿದೆ. ಆಮೇಲೆ ಸೆರಗು ಸಿಕ್ಕಿಸಿ ಒಂದೊಂದೇ ಬುಡ ಕೀಳತೊಡಗಿದೆ. ಮೂರನೇ ಸಾಲಿಗೆ ನಿನ್ನ ಭಾವ ಸನಿಕೆ ಹಿಡಿದು ಬಂದರು. ಬಿಸಿಲಿಗೆ ಒಣಗಿಸಿ ಬೆಂಕಿ ಕೊಟ್ಟೆವು. ಹೊಗೆ ಕಂಡು ಮಾವ ಓಡಿಬಂದರು.

"ಯಾಕಮ್ಮಾ ಭಾಗ್ಯ, ಮುಂದಿನ ಸಲ ಇದ್ರಲ್ಲೇ ನಂಗೂ ಬಿತ್ತನೆ ಕೊಡ್ತೀನಿ ಅಂದಿದ್ದೆ?"

"ಬೂದಿ ಐತೆ ಮಾವ, ಬೇಕಾದಷ್ಟು ತಗೊಂಡೋಗಿ."

ಕಬ್ಬು ಸುಟ್ಟವಳಿಗೆ ಕೊಬ್ಬು ಎಂದು ಊರು ಆಡಿಕೊಳ್ಳುತ್ತಿದೆ. ಪ್ರಾಸ ಚೆನ್ನಾಗಿದೆ, ನನಗೇ ಹೊಳೆಯಬೇಕಿತ್ತು. ಆದರೆ ಮಾವನ ಕಬ್ಬು ಇವತ್ತಿಗೂ ಹಸಿರಾಗಿದೆ. ಇನ್ನೆರಡು ವರ್ಷ ನಮ್ಮ ಹೊಲಕ್ಕೆ ಕಬ್ಬಿಲ್ಲ, ರಾಗಿ ಹಾಕುತ್ತೇವೆ. ಅತ್ತೆ ನನ್ನ ಜೊತೆ ಮಾತು ಬಿಟ್ಟಿದ್ದಾರೆ, ಊಟ ಬಿಟ್ಟಿಲ್ಲ.

ಅತ್ತಿಗೆಗೆ ನಮಸ್ಕಾರ ತಿಳಿಸು. ಹರ್ಷಿತಳಿಗೆ ಆಶೀರ್ವಾದ, ಪರೀಕ್ಷೆ ಚೆನ್ನಾಗಿ ಬರೆಯಲಿ. ದೇವರು ನಿಮ್ಮನ್ನೆಲ್ಲ ಚೆನ್ನಾಗಿಟ್ಟಿರಲಿ.

ನಿನ್ನ ತಂಗಿ,
ಭಾಗ್ಯ

ಮರೆತಿದ್ದೆ: ನಿನ್ನ ಕಬ್ಬನ್ನೂ ಒಮ್ಮೆ ನೋಡಿಕೋ ಎಂದು ಇಷ್ಟುದ್ದದ ಕಾಗದದಲ್ಲಿ ನಾನೆಲ್ಲೂ ಬರೆಯಲಿಲ್ಲ, ಗಮನಿಸಿದೆಯಾ? ಮೊನ್ನೆ ಬೂದಿಗೆರೆಯಿಂದ ಸಪ್ಪಲಮ್ಮತ್ತೆ ಬಂದಿದ್ದಳು. ನನಗೆ ಹೊರೆ ಕಳಿಸಿದ ಮಾರನೆಯ ವಾರವೇ ನೀನು ನಿನ್ನದನ್ನೆಲ್ಲ ಕಿತ್ತು ಸುಟ್ಟೆಯಂತೆ. ಅದಕ್ಕೂ ಮೊದಲು ಜಗುಲಿಯಲ್ಲಿ ಕೂತು ನನ್ನ ಹೊರೆಯ ಒಂದೊಂದು ತುಂಡಿನ ಎರಡೂ ತುದಿಗೆ ಕುಂಕುಮ ಮೆತ್ತಿದೆಯಂತೆ. "ತಂಗಿ ಅಂದ್ರೆ ವೇಣೂಗೆ ಎಷ್ಟು ಪ್ರೀತಿ" ಎಂದು ಸಪ್ಪಲಮ್ಮತ್ತೆ ಕಣ್ಣೊರೆಸಿಕೊಂಡಳು. ನಾನೂ ಒರೆಸಿಕೊಂಡೆ. ಬಿತ್ತನೆ ಇಲ್ಲ ಕಣಮ್ಮ ಎಂದಿದ್ದರೆ ನಾನು ಬರಿಗೈಯನ್ನೇ ತವರಿನದೆಂದು ಒಪ್ಪಿಕೊಳ್ಳುತ್ತಿದ್ದೆ, ಅಣ್ಣ.

ಈ ಸಂಕ್ರಾಂತಿಗೆ ಹಬ್ಬದ ಕಬ್ಬನ್ನು ನೀನೇ ಹೊತ್ತು ತಾ, ಯಾರ ಕೈಲೂ ಕಳಿಸಬೇಡ. ಕುಂಕುಮ ಹಚ್ಚಬೇಡ. ಹೊಸಿಲ ಹೊರಗೆ ಮಚ್ಚು ಇಟ್ಟಿರುತ್ತೇನೆ. ಒಂದೊಂದನ್ನೂ ನನ್ನೆದುರು ಸೀಳು. ಬೆಳ್ಳಗಿದ್ದರೆ ಕುಂಕುಮ ನಾನೇ ಹಚ್ಚುತ್ತೇನೆ.