ಸುಣ್ಣ ಸೇರಿಸದ ಮದ್ದು

ಆಗಸ್ಟ್ 9, 1966. ಮಂಗಳವಾರ. ಹೊಸನಗರ.

ಬೆಳಗ್ಗಿನಿಂದ ಹನ್ನೊಂದು ಮಂದಿ. ಒಂಬತ್ತು ಮಂದಿಗೆ ಹುಳಕಡ್ಡಿ. ಈ ಊರಲ್ಲಿ ಕೆರೆಗಿಂತ ಕೆರೆತ ಜಾಸ್ತಿ. ಈ ಮಳೆಯಲ್ಲಿ ಬಟ್ಟೆ ಒಣಗಿದರಲ್ಲವೆ! ಒದ್ದೆ ಪಂಚೆ, ಒದ್ದೆ ತೊಡೆ — ಬೂಷ್ಟಿಗೆ ಮದುವೆ ಮನೆ. ವಿಟ್‌ಫೀಲ್ಡ್ ಮುಲಾಮು ಕಲಸಿ ಕಲಸಿ ನನ್ನ ಕೈಯೇ ಸಿಪ್ಪೆ ಏಳುತ್ತಿದೆ. ಮೂರು ದಿನ ಹಚ್ಚುತ್ತಾರೆ, ಕೆರೆತ ನಿಂತ ಕೂಡಲೇ ಡಬ್ಬಿ ಅಟ್ಟಕ್ಕೆ. ಮುಂದಿನ ವಾರ ಮತ್ತೆ ಬಂದು ಸಲಾಮು, ಮತ್ತೆ ಮುಲಾಮು.

ಡಾಕ್ಟರ್ ಗೋಪಾಲಪ್ಪನವರು ಮಂಗಳವಾರ ತೀರ್ಥಹಳ್ಳಿಗೆ ಹೋಗುತ್ತಾರೆ. ಅಂದು ಬಾಟನಿ ಬಿ.ಎಸ್ಸಿ. ಆದ ಈ ಕಂಪೌಂಡರನೇ ಧನ್ವಂತರಿ. ಜನ ಬೆಂಚಿನ ಮೇಲೆ, ನಾನು ಸ್ಟೂಲಿನ ಮೇಲೆ. ಭಾಷಣಕ್ಕೆ ಇನ್ನೇನು ಬೇಕು.

ಸಂಜೆ ಜಟ್ಟಿಂಗಪ್ಪ ಬಂದ. ಕೊನೆಗಾರ — ಅಡಿಕೆ ಮರ ಹತ್ತಿ ಕೊಳೆರೋಗಕ್ಕೆ ಮೈಲುತುತ್ತ-ಸುಣ್ಣದ ಮದ್ದು ಹೊಡೆಯುವವನು. ಎರಡೂ ತೊಡೆಯ ಒಳಗೆ ತಟ್ಟೆಯಗಲ ಉಂಗುರ. ಮರ ತಬ್ಬಿದರೆ ಪ್ರಾಣ ಹೋಗುತ್ತದಂತೆ. ಮುಲಾಮು ಮುಗಿದಿತ್ತು. ಶುಕ್ರವಾರ ಬಾ ಎಂದೆ.

"ಅಲ್ಲೀ ತಂಕ ಎಂತ ಮಾಡೂದು ಕಂಪೌಂಡ್ರೇ? ಎರಡನೇ ಮದ್ದು ಹೊಡಿಯೂ ಹೊತ್ತು. ಮನೇಲಿ ಕೂರಕ್ಕೆ ಆಗ್ತದಾ?"

"ನಿನ್ನ ಹತ್ರಾನೇ ಇದೆಯಲ್ಲೋ ಮದ್ದು! ಅಡಿಕೆಗೆ ಬಂದಿದ್ದೂ ಬೂಷ್ಟು, ನಿಂಗೆ ಬಂದಿದ್ದೂ ಬೂಷ್ಟು. ಅಣ್ಣತಮ್ಮಂದಿರು. ಅದನ್ನೇ ಹಚ್ಕೋ."

ಬೆಂಚಿಗೆ ಬೆಂಚೇ ಬಿದ್ದು ಬಿದ್ದು ನಕ್ಕಿತು. ಅವನೂ ನಕ್ಕ. ಒಳ್ಳೇ ದಿನ.

ಆಗಸ್ಟ್ 12. ಶುಕ್ರವಾರ.

ಮುಲಾಮು ರೆಡಿ. ಜಟ್ಟಿಂಗಪ್ಪ ನಾಪತ್ತೆ. ವಾಸಿಯಾಗಿರಬೇಕು.

ಆಗಸ್ಟ್ 16. ಮಂಗಳವಾರ.

ಡಾಕ್ಟರು ಈ ವಾರ ತೀರ್ಥಹಳ್ಳಿಗೆ ಹೋಗಿಲ್ಲ. ಸದ್ಯ.

ಹನ್ನೊಂದಕ್ಕೆ ಜಟ್ಟಿಂಗಪ್ಪನನ್ನು ಅವನ ಹೆಂಡತಿ ಕನ್ನಮ್ಮ ಗಾಡಿಯಲ್ಲಿ ಕರೆತಂದಳು. ಎರಡು ದಿನದಿಂದ ವಾಂತಿ. ಕಣ್ಣು ಅರಿಶಿನ. ಕಾಮಾಲೆ ಎಂದರು ಡಾಕ್ಟರು. ಪಂಚೆ ಸರಿಸಿದರೆ — ತೊಡೆ ಸುಲಿದ ಹಾಗೆ.

"ಇದೇನೋ?"

"ಗರಗಸದೆಲೆ ಹಾಕಿ ಉಜ್ಜಿದೆ ಡಾಕ್ಟ್ರೇ."

ಮರದ ಸಾಮಾನು ನುಣುಪು ಮಾಡುವ ಎಲೆ. ಅದರಲ್ಲಿ ಹುಳಕಡ್ಡಿ ಕೆರೆದು, ಆಮೇಲೆ ಮದ್ದು ಹಚ್ಚುವುದು ಇಲ್ಲಿಯವರ ಅಭ್ಯಾಸ. ಡಾಕ್ಟರು ಬೈದು ಮುಂದಿನವರತ್ತ ತಿರುಗಿದರು. ನನಗೆ ಕಂಡದ್ದು ಪಂಚೆಯ ಅಂಚು. ನೀಲಿ. ಉಗುರಿನ ಸಂದಿಯೂ ನೀಲಿ.

ಡ್ರೆಸ್ಸಿಂಗ್ ಮಾಡುತ್ತ ಪಿಸುಗುಟ್ಟಿದೆ — ಮೈಲುತುತ್ತವೇನೋ?

"ನೀವೇ ಹೇಳಿದ್ರಲ್ಲ. ತೋಟದ ಗೌಡ್ರ ಚೀಲದಿಂದ ಒಂದು ಹಿಡಿ ತಂದೆ... ಕೇಳ್ದೆ ತಂದಿದ್ದು. ಯಾರಿಗೂ ಹೇಳ್ಬೇಡಿ ಮಾರಾಯ್ರೆ, ಕಳ್ಳ ಅಂತಾರೆ. ಮೂರು ದಿನ ಹಚ್ಚಿದೆ."

"ಸುಣ್ಣ?"

"ಸುಣ್ಣ ಹಾಕಿದ್ರೆ ಉರೀತದಲ್ಲ! ಅದ್ಕೇ ಬರೀ ತುತ್ತ."

ತುತ್ತದ ಉರಿ ತಗ್ಗಿಸುವುದೇ ಸುಣ್ಣ. ಇದು ಅವನಿಗೆ ಗೊತ್ತಿಲ್ಲದ್ದಲ್ಲ. ಮರಕ್ಕೆ ಹೊಡೆಯುವ ಮುಂಚೆ ಚೂರಿ ಅದ್ದಿ ನೋಡುತ್ತಾನೆ. ತಾಮ್ರ ಕೂತು ಅಲಗು ಕೆಂಪಾದರೆ ಇನ್ನಷ್ಟು ಸುಣ್ಣ ಸುರಿಯುತ್ತಾನೆ. ಅಡಿಕೆ ಸುಡಬಾರದು. ತನ್ನ ತೊಡೆಗೆ ಮಾತ್ರ... ಸುಲಿದ ಚರ್ಮದ ಮೇಲೆ ಬರೀ ತಾಮ್ರದ ವಿಷ. ರಕ್ತಕ್ಕೆ ಇಳಿದಿದೆ. ಇದು ಕಾಮಾಲೆಯಲ್ಲ.

ಡಾಕ್ಟರಿಗೆ ಹೇಳಲಿಲ್ಲ. ಅವನೇ ಬೇಡ ಅಂದನಲ್ಲ. — ಎಂಥ ಒಳ್ಳೇ ನೆಪ.

ಆಗಸ್ಟ್ 17. ಬುಧವಾರ. ಬೆಳಗ್ಗೆ 9.

ಮೂತ್ರ ಕಾಫಿ ಡಿಕಾಕ್ಷನ್ ಬಣ್ಣ. ಅದೂ ನಾಲ್ಕು ಚಮಚ. ಸಾಗರದ ಆಸ್ಪತ್ರೆಗೆ ಕಳಿಸಿದರು. ಕಾಗದ ಡಾಕ್ಟರು ಹೇಳಿದ್ದು, ನಾನು ಬರೆದದ್ದು: ಕಾಮಾಲೆ. ಕಾಲೇಜಿನಲ್ಲಿ ನನ್ನ ಅಕ್ಷರಕ್ಕೆ ಬಹುಮಾನ ಬಂದಿತ್ತು. ಸುಳ್ಳೂ ಎಷ್ಟು ದುಂಡಗೆ ಬಂತು.

ಬಸ್ಸಿನ ಹಿಂದಿನ ಸೀಟಿನಲ್ಲಿ ಮಲಗಿಸಿದೆವು. ಕನ್ನಮ್ಮ ಕಿಟಕಿಯಿಂದ —

"ಕಂಪೌಂಡ್ರೇ, ಇವ್ರಿಗೆ ಎಂತ ಆಗಿದೆ? ನೀವಾದ್ರೂ ಹೇಳಿ."

ಕೆಲಸ ಇದೆ ಎಂದು ಒಳಗೆ ಬಂದೆ.

ಅದೇ ದಿನ. 3.30.

ಕೊನೆಗಾರನ ಕೊನೆ... ಥೂ. ಹೊಡೆದುಹಾಕಿದೆ. ಅವನು ಸಾಯುತ್ತಿದ್ದಾನೆ, ನನಗೆ ಶ್ಲೇಷೆ ಹೊಳೆಯುತ್ತದೆ. ಈ ನಾಲಿಗೆಯ ಕೆರೆತಕ್ಕೆ ಯಾವ ಮುಲಾಮು?

4.10.

ಹೇಳಿದೆ.

ಡಾಕ್ಟರು ಕನ್ನಡಕ ತೆಗೆದರು. "ಯಾವಾಗ ಗೊತ್ತಾಯ್ತು?"

"ನಿನ್ನೆ ಸಾರ್."

"ನಿನ್ನೆ! ಹಚ್ಚು ಅಂತ ಹೇಳಿದ ಪಂಡಿತ ಯಾರು?"

"ನಾನೇ. ತಮಾಷೆಗೆ..."

"ಆ ಸ್ಟೂಲಿನ ಮೇಲೆ ಕೂತವನಿಗೆ ತಮಾಷೆ ಇಲ್ಲ ಕಣಯ್ಯ. ನೀನು ಕೆಮ್ಮಿದ್ರೂ ಅವರಿಗೆ ಅದು ಪ್ರಿಸ್ಕ್ರಿಪ್ಷನ್."

ಚಪ್ಪಲಿ ಮೆಟ್ಟದೆ ಪೋಸ್ಟಾಫೀಸಿಗೆ ಓಡಿದರು. ಹಿಂದೆ ನಾನು. ಸಾಗರಕ್ಕೆ ಟ್ರಂಕ್ ಕಾಲ್ ಸಿಕ್ಕಿದ್ದು ಐದೂ ಮುಕ್ಕಾಲಿಗೆ. ತಾಮ್ರವನ್ನು ಮೈಯಿಂದ ಎಳೆದು ಹೊರಹಾಕುವ ಇಂಜೆಕ್ಷನ್ ಇದೆಯಂತೆ. ಸಾಗರದಲ್ಲಿಲ್ಲ. ಶಿವಮೊಗ್ಗದಿಂದ ಬರಬೇಕು. ನಾಳೆಯ ಮೊದಲ ಬಸ್ಸಿಗೆ.

ನಿನ್ನೆ ಹೇಳಿದ್ದರೆ ಇವತ್ತಿನ ಮೊದಲ ಬಸ್ಸಿಗೆ.

ಆಗಸ್ಟ್ 18. ಗುರುವಾರ.

ಲೈನ್ ಸತ್ತಿದೆ. ಸುದ್ದಿಯಿಲ್ಲ. ಬೆಂಚಿನಲ್ಲಿ ಏಳು ಮಂದಿ.

"ಎಂತ ಕಂಪೌಂಡ್ರೇ, ಬಾಯಿಗೆ ಬೀಗವಾ?"

"ಎರಡು ಹೊತ್ತು ಹಚ್ಚಿ. ಒಣ ಬಟ್ಟೆ ಉಡಿ."

"ಮತ್ತೆ?"

"ಮತ್ತೇನಿಲ್ಲ."

ಆಗಸ್ಟ್ 19.

ಇಂಜೆಕ್ಷನ್ ತಲುಪಿದೆ. ಮೂತ್ರ ಪೂರ್ತಿ ನಿಂತಿದೆ. ಡಾಕ್ಟರು ಅಷ್ಟೇ ಹೇಳಿದರು.

ಆಗಸ್ಟ್ 24. ಬುಧವಾರ. ಸಾಗರ.

ರಜ ಕೇಳಿದೆ. ಡಾಕ್ಟರು ತಲೆ ಎತ್ತದೆ ಹೂಂ ಅಂದರು.

ಜಟ್ಟಿಂಗಪ್ಪ ಬದುಕಿದ್ದಾನೆ. ಮೊನ್ನೆಯಿಂದ ಮೂತ್ರ ಹೋಗುತ್ತಿದೆ, ನಿನ್ನೆಯಿಂದ ತಿಳಿಯಾಗಿದೆ ಎಂದಳು ನರ್ಸ್. ಬಾಗಿಲಲ್ಲೇ ನಿಂತೆ. ಕನ್ನಮ್ಮ ಎದ್ದು ಬಂದಳು.

"ಬಸ್ಸಿನ ಹತ್ರ ಕೇಳಿದಾಗ ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು."

ಮಂಚದ ಕಡೆ ತಿರುಗಿದಳು. ಬೈದಿದ್ದರೆ ಚೆನ್ನಾಗಿತ್ತು.

ಮಂಚದಿಂದ ಸಣ್ಣ ದನಿ: "ಗೌಡ್ರಿಗೆ ಗೊತ್ತಾಯ್ತಾ?"

"ಡಾಕ್ಟ್ರೇ ಅವ್ರಿಗೆ ಹೇಳಿದ್ರು. ಕೇಳಿದ್ರೆ ಸುಣ್ಣಾನೂ ಸೇರಿಸಿ ಕೊಡ್ತಿದ್ದೆ ಅಂದ್ರಂತೆ," ಎಂದೆ.

ನಗಲು ಹೋಗಿ ಕೆಮ್ಮಿದ. ಆಮೇಲೆ, ನನ್ನನ್ನೇ ನೋಡುತ್ತ — ನನ್ನನ್ನೇ! — "ಉಂಗುರದ ಅಂಚು ಇನ್ನೂ ಕೆರೀತದೆ ಕಂಪೌಂಡ್ರೇ. ಅದಕ್ಕೆ ಎಂತ ಹಚ್ಚೂದು?"

ಬಾಯಿ ತೆರೆದೆ. ಕನ್ನಮ್ಮ ಕೈ ಅಡ್ಡ ಹಿಡಿದಳು.

"ಬಾಯಲ್ಲಿ ಬ್ಯಾಡ. ಬರ್ದು ಕೊಡಿ. ಇಲ್ಲಿ ಡಾಕ್ಟ್ರಿಗೆ ತೋರ್ಸಿ ಹಚ್ತೀವಿ."

ವರಾಂಡದ ಬೆಂಚಿನಲ್ಲಿ ಕೂತಿದ್ದೇನೆ. ಮೊದಲು ಇಲ್ಲಿ ಬರೆದು, ತಿದ್ದಿ, ಆಮೇಲೆ ಚೀಟಿಗೆ ಇಳಿಸುವುದು.

ಗಾಯ ಪೂರ್ತಿ ಮಾಯುವ ತನಕ ಏನನ್ನೂ ಹಚ್ಚಕೂಡದು. ಮಾಯಿದ ಮೇಲೆ ವಿಟ್‌ಫೀಲ್ಡ್ ಮುಲಾಮು, ಅರ್ಧ ಶಕ್ತಿಯದು, ಬೆಳಗ್ಗೆ ಸಂಜೆ. ಉಂಗುರದಿಂದ ಒಂದಂಗುಲ ಆಚೆಗೂ. ಕೆರೆತ ನಿಂತರೂ ಎರಡು ವಾರ ಬಿಡಬಾರದು. ಗರಗಸದೆಲೆ ಬೇಡ. ತುತ್ತ ಬೇಡ. ಕಂಪೌಂಡರು ಬೇರೆ ಏನಾದರೂ ಹೇಳಿದರೆ —