ಅದೇ ನಂಬರ್, ಹೊಸ ಡಬ್ಬಿ

ನವೆಂಬರ್ 6, ಸೋಮವಾರ

ರೊಟ್ಟಿ ಎರಡ, ಪುಂಡಿಪಲ್ಯ. ರಾತ್ರಿಗೂ ಅದೇ. ಡಬ್ಬಿ ತೊಳದಿಟ್ಟೆ. ಅಂಗಿ ನಾಳೆ ಇಸ್ತ್ರಿಗೆ.

ಫೋನ್ ಕಂಪನಿ ಕಾಗದ ಬಂದೈತಿ, ಇಂಗ್ಲಿಷ್‌ನ್ಯಾಗ. ಎರಡ ಸಲ ಓದಿದೆ. ಹಳೇ ವೈರಿನ ಲ್ಯಾಂಡ್‌ಲೈನ್ ಹದಿನೈದನೇ ತಾರೀಖಿಗೆ ಬಂದ್. ಬೇಕಂದ್ರ ಫೈಬರ್ ಹಾಕಿಸ್ಕೊಳ್ರಿ, ವೈಫೈ ಡಬ್ಬಿ ಕೊಡ್ತೀವಿ, ಫೋನ್ ಅದರಾಗ ಇಂಟರ್ನೆಟ್ ಮ್ಯಾಲ ನಡೀತೈತಿ, ನಂಬರ್ ಅದೇ ಇರ್ತೈತಿ. ಬ್ಯಾಡಂದ್ರ ನಂಬರ್ ಹೋತು.

ವೈಫೈ ತಗೊಂಡ ಏನ್ ಮಾಡ್ಲಿ ನಾನು? ನನಗ ನಂಬರ್ ಬೇಕು. ಕಲ್ಲೇಶಗ ಗೊತ್ತಿರೋದು ಇದೊಂದ ನಂಬರ್.

ಅವ್ವ ಹೋಗಿ ನಾಕ ತಿಂಗಳಾತು. ತಮ್ಮಗ ಇನ್ನೂ ಗೊತ್ತಿಲ್ಲ. ಅಂವ ಎಲ್ಲಿ ಅದಾನ ನನಗ ಗೊತ್ತಿಲ್ಲ. ಪುಣೆ ಅಂತಾರ ಕೆಲವರು. ಅವನ ಹಳೇ ಮೊಬೈಲ್ ಯಾವನೋ ಗುಜರಾತಿ ಎತ್ತತಾನ. ಆರ ವರ್ಷದ ಹಿಂದ ಶೈಲಾನ್ನ ಮದಿವಿ ಮಾಡ್ಕೊಂಡ ಬಾಗಲಾಗ ನಿಂತಿದ್ದ. ಆಕಿ ನಮ್ಮವರ ಪೈಕಿ ಅಲ್ಲ. ನಾ ಇರೋತನಕ ಈ ಹೊಸ್ತಿಲಾ ತುಳೀಬ್ಯಾಡ ಅಂದ್ನಿ. ತುಳೀಲಿಲ್ಲ. ಭಾಳ ಮಾತು ಕೇಳೋ ಹುಡುಗ ಅಂವ, ಮೊದಲಿಂದ.

ಫೈಬರಿಗೆ ಹ್ಞೂಂ ಅಂದೆ.

ನವೆಂಬರ್ 8, ಬುಧವಾರ

ಅರ್ಧಾ ದಿನಾ ರಜಾ. ಕಂಪನಿಯಿಂದ ಮೋಹನ ಅಂತ ಬಂದಿದ್ದ. ನನ್ನ ವಯಸ್ಸಿನಾಂವ, ಐವತ್ತರ ಮ್ಯಾಲ. ಕಂಬ ಹತ್ತಿ ಹತ್ತಿ ಮೊಣಕಾಲ ಹೋಗ್ಯಾವಂತ. ತೆಲುಗು, ಹಿಂದಿ ಎರಡೂ ಕಲಿಸಿ ಮಾತಾಡ್ತಾನ.

ಕೂದಲೆಳಿ ಅಂಥಾ ವೈರು. ಅದರಾಗ ಬೆಳಕು ಹರೀತೈತಂತ. ಬಿಳೀ ಡಬ್ಬಿ, ಎರಡ ಕೊಂಬು. ಗ್ವಾಡಿಗೆ ಬಡದ, ಅವ್ವನ ಫೋಟೋದ ಬಾಜೂಕ. ಅಲ್ಲಿ ಬ್ಯಾಡ ಅನ್ನಬೇಕಂದೆ... ಪ್ಲಗ್ ಅಲ್ಲೇ ಐತಿ. ಐದ ದೀಪ. ಕಡೀದು ಫೋನಿಂದು. ಹಸರಿದ್ರ ಸರಿ, ಕೆಂಪಿದ್ರ ನನಗ ಹಚ್ರಿ ಅಂದ.

ಫೋನಿನ ವೈರು ಮೊದಲ ತಪ್ಪ ತೂತಿನ್ಯಾಗ ಹಾಕ್ದೆ. ನಕ್ಕ. ಹಳೇ ಸೆಟ್ ಇದಕ್ಕ ಒಗ್ಗಲಿಲ್ಲ, ಹೊಸಾದು ತಂದಿದ್ದ. ಇದರಾಗ ಯಾರ ಫೋನ್ ಮಾಡ್ಯಾರ ಅಂತ ನಂಬರ್ ಕಾಣತೈತಿ, ತಾಸೂ ಕಾಣತೈತಿ. ಹಳೇದರಾಗ ಎಲ್ಲಿತ್ತು ಇದು.

ವೈಫೈ ಪಾಸ್‌ವರ್ಡ್ ಏನ್ ಇಡ್ಲಿ ಅಂದ. ಮನ್ಯಾಗ ಯಾರ್ಯಾರ ಅದಾರ, ಅವರ ಹೆಸರ ಹೇಳ್ರಿ ಅಂದ. ನನ್ನ ಹೆಸರಾ ಇಡಪ್ಪಾ ಅಂದೆ. gurushanta1. ಒಂದು ಯಾಕ ಅಂದ್ರ ನಂಬರ್ ಇರಲೇಬೇಕಂತ.

ನವೆಂಬರ್ 9, ಗುರುವಾರ

ಊಟದ ತಾಸಿನ್ಯಾಗ ಫ್ಯಾಕ್ಟರಿಯಿಂದ ಮನೀಗೆ ಹಚ್ಚಿದೆ. ಸುಮ್ಮ, ಬಡೀತೈತೋ ಇಲ್ಲೋ ನೋಡಾಕ. ಬಡೀಲಿಲ್ಲ. ನೀವು ಕರೆ ಮಾಡಿದ ಚಂದಾದಾರರು ಸಂಪರ್ಕದಲ್ಲಿ ಇಲ್ಲ ಅಂತ ಹೆಣ್ಮಗಳು ತೆಲುಗಿನ್ಯಾಗ ಹೇಳಿದ್ಳು. ಮೂರ ಸಲ ಅದೇ.

ಸಂಜೀಕ ಓಡ್ಕೋತ ಮನೀಗೆ ಬಂದೆ. ಮೊಬೈಲಿಂದ ಹಚ್ಚಿದೆ. ಬಡದ ಬಡದ ಮನೀ ಎತ್ತಿ ಒಗೀತು. ದೀಪ ಹಸರು.

ಇದೇನ ಕತಿ?

ನವೆಂಬರ್ 10, ಶುಕ್ರವಾರ

ಇವತ್ತೂ ಹಂಗ. ಹಗಲೊತ್ತು ಸತ್ತಿರ್ತೈತಿ, ಸಂಜೀಕ ಜೀವಂತ. ಕಂಪ್ಲೇಂಟ್ ಕೊಟ್ಟೆ. ಒಂದ ಒತ್ರಿ, ಎರಡ ಒತ್ರಿ, ಇಪ್ಪತ್ತ ನಿಮಿಷ ಹಾಡು. ಡಬ್ಬಿ ಬಂದ್ ಮಾಡಿ ಚಾಲೂ ಮಾಡ್ರಿ ಅಂದ್ಳು ಹುಡುಗಿ. ಮಾಡಿದೆ. ಈಗ ಬರಾಕತ್ತೈತೇನ್ರಿ ಅಂದ್ಳು. ಈಗ ಬರ್ತೈತವ್ವಾ, ಸಮಸ್ಯಾ ಈಗಿಂದಲ್ಲ ಅಂದ್ರ ಆಕಿಗೆ ತಿಳೀವಲ್ದು.

ಕಲ್ಲೇಶ ನಾಳೆ ಫೋನ್ ಮಾಡಿದ್ರ? ಸಂಪರ್ಕದಾಗ ಇಲ್ಲ ಅಂತ ಕೇಳಿದ್ರ ಏನ್ ತಿಳೀತಾನ? ಅಣ್ಣ ಫೋನೂ ಕಿತ್ತ ಒಗದ ಅಂತ ತಿಳೀತಾನ.

ನವೆಂಬರ್ 12, ಭಾನುವಾರ. ದೀಪಾವಳಿ

ಕೆಳಗಿನ ಮನಿ ಗುಂಡಮ್ಮ ಕರ್ಚಿಕಾಯಿ ಕೊಟ್ಟ ಹೋದ್ಳು. ದಿನಪೂರ್ತಿ ಮನ್ಯಾಗಿದ್ದೆ. ದಿನಪೂರ್ತಿ ಫೋನ್ ಸರಿ ಇತ್ತು. ಯಾರೂ ಮಾಡ್ಲಿಲ್ಲ.

ಮಧ್ಯಾಹ್ನ ಒಂದ ಆಟ ಆಡ್ದೆ, ನಗಬೇಕು. ಅಡಗಿ ಮನ್ಯಾಗ ನಿಂತ ಮೊಬೈಲಿಂದ ಹಚ್ಚಿದೆ, ಹೊರಗ ಬಂದ ಎತ್ತಿದೆ. ಎರಡೂ ಕಿವಿಗೆ ಇಟ್ಟೆ. ಹಲೋ ಅಂದೆ ಈ ಕಡಿಂದ. ಚೂರ ತಡದ ಆ ಕಡಿಂದ ಹಲೋ ಅಂತು. ಊಟ ಆತೇನಪ್ಪಾ ಅಂದೆ. ಊಟ ಆತೇನಪ್ಪಾ ಅಂತು. ಭಾಳ ಬ್ಯಾಸರಾತು. ಇಟ್ಟೆ.

ಖರೇ ಬರದಿಡ್ತೀನಿ, ಯಾರ ಓದ್ತಾರ ಇದನ್ನ. ಜುಲೈನ್ಯಾಗ ಅವ್ವ ಹ್ವಾದಾಗ ನಾ ಅವನ್ನ ಹುಡಕಲಿಲ್ಲ. ಪರಮೇಶ ಕಾಕಾ ಕೇಳಿದ್ರು, ಸಣ್ಣಾವಗ ಕಾಯೂದೇನು ಅಂತ. ಕಾಯೂದ ಬ್ಯಾಡ ಅಂದ್ನಿ. ಸಿಟ್ಟು ಇನ್ನೂ ಇತ್ತು ನನ್ನ ಹೊಟ್ಟ್ಯಾಗ. ಊರಿಗೆ ಒಯ್ದ ಮಣ್ಣ ಕೊಡೂಮುಂದ ಒಂದ ಮಗನ ಕೈ ಕಮ್ಮಿ ಬಿತ್ತು. ಹುಡಕಾಕ ಚಾಲೂ ಮಾಡಿದ್ದು ಹನ್ನೊಂದನೇ ದಿನಕ್ಕ. ಆಗ ಏನ್ ಹುಡಕೂದು, ಸುಡಗಾಡ.

ನವೆಂಬರ್ 14, ಮಂಗಳವಾರ

ಮೆಸೇಜ್ ಬಂತು — ನಿಮ್ಮ ದೂರು ಪರಿಹಾರ ಆಗೈತಿ, ಎಷ್ಟ ಸ್ಟಾರ್ ಕೊಡ್ತೀರಿ ಅಂತ. ನಿಮ್ಮ ತಲಿ! ಮೋಹನಗ ಹಚ್ಚಿ ಬೈದೆ. ನನಗ ಬೈಬ್ಯಾಡ್ರಿ ಸಾರ್, ನಾನೂ ನಿಮ್ಮಂಗ ನೌಕರ ಅಂದ. ಬರ್ತೀನಿ ಶುಕ್ರವಾರ ಅಂದ.

ನವೆಂಬರ್ 17, ಶುಕ್ರವಾರ

ಸಂಜೀಕ ಬಂದ. ವೈರು ಬಿಚ್ಚಿದ, ಒರಸಿದ, ಹಾಕಿದ. ಸೆಟ್ ಬದಲಿ ಮಾಡಿ ನೋಡಿದ. ಎಲ್ಲಾ ಹಸರು. ತಲಿ ಕೆರಕೊಂಡ.

ಚಾ ಮಾಡಿದೆ. ಹಾಲ ಕೊಡಾಕ ಫ್ರಿಜ್ ತಗದೆ. ಒಳಗ ಅಕ್ಕಿ ಚೀಲ ನೋಡಿ ಅಂವ ನಕ್ಕ. ಫ್ರಿಜ್ ಕೆಟ್ಟೈತಿ, ಅದಕ್ಕ ಅಕ್ಕಿ ಇಟ್ಟೀನಿ, ಹುಳಾ ಬರೂದಿಲ್ಲ ಅಂದೆ. ಹಾಲಿನ ಪುಡಿ ಅದರಾಗ ಇರ್ತೈತಿ.

ಯಾಕ ಸಾರ್ ಇಷ್ಟ ತ್ರಾಸ, ಮೊಬೈಲ್ ಐತಲ್ಲ ನಿಮ್ಮ ಕಡೆ ಅಂದ. ತಮ್ಮಗ ಈ ನಂಬರ್ ಅಷ್ಟ ಗೊತ್ತು ಅಂದೆ. ಅವ್ವ ತೀರಿದ್ದು ಹೇಳಬೇಕು ಅಂದೆ. ಯಾವತ್ತೂ ಯಾರ ಮುಂದೂ ಅಂದಿಲ್ಲ. ಮೋಹನ ಕಪ್ಪು ಇಟ್ಟ. ಆಫೀಸಿನ್ಯಾಗ ನಿಮ್ಮ ಡಬ್ಬಿ ರೆಕಾರ್ಡ್ ತಗಸಿ ನೋಡ್ತೀನಿ ಅಂದ.

ನವೆಂಬರ್ 20, ಸೋಮವಾರ

ಮೋಹನ ಫೋನ್ ಮಾಡಿದ್ದ. ಸಾರ್, ನಿಮ್ಮ ಡಬ್ಬಿ ದಿನಾ ಮುಂಜಾನಿ ಏಳೂ ನಾಲವತ್ತಕ್ಕ ಬಂದ್ ಆಗ್ತೈತಿ, ಸಂಜೀಕ ಆರಕ್ಕ ಚಾಲೂ. ಭಾನುವಾರ ಅಷ್ಟ ಬಂದ್ ಆಗಿಲ್ಲ. ನಿಮ್ಮಂಗ ಅದೂ ಡ್ಯೂಟಿಗೆ ಹೋಗ್ತೈತೇನು ಅಂದ.

ಹಣಿ ಬಡಕೊಂಡೆ.

ಮೇನ್ ಸ್ವಿಚ್. ಬಾಗಲಾ ಹಾಕೂಮುಂದ ಮೇನ್ ಕೆಳಗ ಎಳೀತೀನಿ. ಇಪ್ಪತ್ತೆಂಟ ವರ್ಷ ಜೀಡಿಮೆಟ್ಲಾ ಫ್ಯಾಕ್ಟರಿಯೊಳಗ ಸಾಲ್ವೆಂಟ್ ಗೋದಾಮು ಕಾದೀನಿ. ಒಂದ ಕಿಡಿಗೆ ಓಣಿ ಸುಡೋ ಅಂಥಾ ಡ್ರಮ್ಮು. ಕಡೀಗೆ ಹೊರಬೀಳಾಂವ ಮೇನ್ ಎಳದ ಹೋಗಬೇಕು, ಅದ ಕಾಯ್ದೆ. ಅವ್ವ ಇದ್ದಾಗ ಮನ್ಯಾಗ ಕಡೀಗೆ ಹೊರಬೀಳಾಂವ ಅಂತ ಯಾರೂ ಇರ್ತಿರ್ಲಿಲ್ಲ. ಆಕಿ ಇರ್ತಿದ್ಳು. ಆಕಿ ಹ್ವಾದ ಮ್ಯಾಲ ಕೈ ತಾನಾ ಹೋತು ಮೇನಿಗೆ. ನನಗ ಖಬರೂ ಇಲ್ಲ.

ಹಳೇ ಫೋನಿಗೆ ಮನೀ ಕರೆಂಟ್ ಬೇಕಿದ್ದಿಲ್ಲ ಸಾರ್, ಎಕ್ಸ್‌ಚೇಂಜಿಂದ ವೈರಿನ್ಯಾಗ ಬರ್ತಿತ್ತು. ಇದಕ್ಕ ಬೇಕು ಅಂದ ಮೋಹನ. ಮೊದ್ಲ ಹೇಳಬೇಕಿಲ್ಲೇನಪ್ಪಾ ಅಂದೆ. ಮನ್ಯಾಗ ಯಾರ ಮೇನ್ ಬಂದ್ ಮಾಡ್ತಾರ ಸಾರ್ ಅಂದ.

ನವೆಂಬರ್ 21, ಮಂಗಳವಾರ

ಮೇನ್ ಬಿಟ್ಟ ಹೋದೆ. ಬಸ್ ಸ್ಟಾಪಿನತನಕ ಹೋಗಿ ಹೊಳ್ಳಿ ಬಂದ ಗ್ಯಾಸ್ ನೋಡಿದೆ. ಬೀಗಾ ಜಗ್ಗಿ ನೋಡಿದೆ. ಹತ್ತ ನಿಮಿಷ ತಡಾ, ಇಪ್ಪತ್ತೆಂಟ ವರ್ಷದಾಗ ಮೊದಲ ಸಲ.

ಊಟದ ತಾಸಿನ್ಯಾಗ ಹಚ್ಚಿದೆ. ರಿಂಗ್! ಕಿವಿಗೆ ಇಟ್ಟುಕೊಂಡ ಕುಂತೆ. ಖಾಲಿ ಮನ್ಯಾಗ ಬಡಕೋತ ಇತ್ತು. ನಿಂತಮ್ಯಾಲ ಮತ್ತ ಹಚ್ಚಿದೆ. ಯಾಕೋ ಖುಷಿ ಆತು, ಸಂಕಟಾನೂ ಆತು.

ಸಂಜೀಕ ಬಂದ ಹೊಸ ಸೆಟ್ ನೋಡಿದೆ. ಮಿಸ್ಡ್ ಕಾಲ್ ಮೂರು. ಎರಡ ನನ್ನವು. ಇನ್ನೊಂದು ಹನ್ನೊಂದೂ ಇಪ್ಪತ್ತಕ್ಕ. 040 ನಂಬರ್, ಇದೇ ಊರಿಂದು. ಯಾವುದೋ ಬ್ಯಾಂಕಿನವರು, ಇಲ್ಲಾ ಇಲೆಕ್ಷನ್ನಿನವರು. ದಿನಾ ಆಟೋ ಮೈಕು ಸಾಲದಾಗೈತಿ ಅವರಿಗೆ.

ನವೆಂಬರ್ 24, ಶುಕ್ರವಾರ

ನಿನ್ನೆ ಹನ್ನೊಂದೂ ಇಪ್ಪತ್ತು. ಇವತ್ತ ಹನ್ನೊಂದೂ ಹತ್ತೊಂಬತ್ತು. ಅದೇ ನಂಬರ್.

ನವೆಂಬರ್ 26, ಭಾನುವಾರ

ಇವತ್ತ ಬರ್ಲಿಲ್ಲ. ಹನ್ನೊಂದರಿಂದ ಸೆಟ್ಟಿನ ಮುಂದ ಕುಂತಿದ್ದೆ.

ಆಮ್ಯಾಲ ಮಾಳಗಿಗೆ ಹ್ವಾದ್ರ ಗುಂಡಮ್ಮ ಬಟ್ಟಿ ಒಣಹಾಕಾಕ ಬಂದಿದ್ಳು. ನಿಮ್ಮ ಫೋನ್ ರಿಪೇರಿ ಆತೇನ್ರಿ ಗುರುಶಾಂತಪ್ಪಾರ ಅಂದ್ಳು. ನಿಮಗ ಹೆಂಗ ಗೊತ್ತು ಅಂದೆ. ದಿನಾ ಅಷ್ಟೊತ್ತಿಗೆ ಬಡಕೋತಿತ್ತು, ನಡಕ ಎರಡ ವಾರ ಸುಮ್ಮನಿತ್ತು, ಈಗ ಮತ್ತ ಚಾಲೂ ಆಗೈತಿ ಅಂದ್ಳು.

"ಯಾವಾಗಿಂದ ಬಡೀತೈತ್ರಿ ಅಷ್ಟೊತ್ತಿಗೆ?"

"ನಿಮ್ಮವ್ವ ಇದ್ದಾಗಿಂದ. ಆಕಿ ಎಲ್ಲೇ ಇದ್ರೂ ಹನ್ನೊಂದಕ್ಕ ಮನೀ ಸೇರ್ತಿದ್ಳು. ಬಾಗಲಾ ಹಾಕ್ಕೊಂಡ ಮಾತಾಡ್ತಿದ್ಳು."

"ಯಾರ ಕೂಡ?"

ಕೈಯಾಗಿನ ಸೀರಿ ಹಿಂಡಿದ್ದಾ ಹಿಂಡಿದ್ಳು. "ನಿಮ್ಮವ್ವ ಸುಂದರಾಬಾಯಿ ನನಗ ಆಣಿ ಹಾಕಿದ್ಳರಿ, ದೊಡ್ಡಾವಗ ಹೇಳಬ್ಯಾಡ ಅಂತ. ಸಣ್ಣ ಮಗನ ಕೂಡ... ಆಕಿನ ಇಲ್ಲ, ಈಗ ಯಾರು ಹಚ್ತಾರ, ಬ್ಯಾರೆ ಯಾರೋ ಇರಬೇಕು ಅಂದ್ಕೊಂಡೆ. ಅವಗ ನೀವು ತಿಳಿಸಿಲ್ಲೇನ್ರಿ?"

ಕೆಳಗ ಬಂದ ಕುಂತೆ. ಆರ ವರ್ಷ. ನಾ ಹೊರಗ ಬಿದ್ದ ಮ್ಯಾಲ ತಾಯಿ ಮಗ ಮಾತಾಡ್ಯಾರ. ಸಂಜೀಕ ನಾ ಬಂದ್ರ ಅವ್ವ ಚಾ ಕೊಟ್ಟ, ಇವತ್ತೇನೂ ಇಲ್ಲಪ್ಪಾ, ಒಬ್ಬಾಕೀನ ಕುಂತಿದ್ದೆ ಅಂತಿದ್ಳು. ಎಷ್ಟ ಸಲೀಸಾಗಿ ಅಂತಿದ್ಳು! ಭಾಳ ಸಿಟ್ಟು ಬಂತು ಆಕಿ ಮ್ಯಾಲ. ಫೋಟೋದ ಮುಂದ ನಿಂತ ಬೈದೆ. ಆಮ್ಯಾಲ ಅಳು ಬಂತು. ಇಬ್ಬರೂ ನನಗ ಹೆದರಿ ಬದುಕ್ಯಾರ. ನನ್ನ ಮನ್ಯಾಗ ನಾನಾ ಪೋಲೀಸ.

ಮತ್ತ ಅಂವ ನಾಕ ತಿಂಗಳಿಂದ ಹಚ್ಚಾಕತ್ಯಾನ. ಅವ್ವ ಊರಿಗೆ ಹೋಗಿರಬೇಕು, ಕಿವಿ ಮಂದ ಆಗಿರಬೇಕು, ಸಿಟ್ಟಾಗಿರಬೇಕು... ಏನೇನ ತಿಳಕೊಂಡಾನೋ.

ನವೆಂಬರ್ 27, ಸೋಮವಾರ

ಸಂಜೀಕ ಆ ನಂಬರಿಗೆ ಹಚ್ಚಿದೆ. ಶಂಶಾಬಾದ್. ಏರ್‌ಪೋರ್ಟ್ ಕಡೆ ಒಂದ ಗೋದಾಮಿನ ಗೇಟು. ಒಳಗ ಮೊಬೈಲ್ ಬಿಡಂಗಿಲ್ಲ, ಕೆಲಸದವರು ಚಾ ಹೊತ್ತಿನ್ಯಾಗ ಈ ಫೋನಿಂದ ಮಾಡ್ತಾರ ಅಂದ ಗೇಟಿನಾಂವ, ಹಿಂದ್ಯಾಗ. ಕಲ್ಲೇಶ ಅಂತ ಅದಾನೇನು ಅಂದೆ. ಹೌದು, ಸ್ಟೋರ್‌ನ್ಯಾಗ. ಶಿಫ್ಟ್ ಮುಗಿಸಿ ಹ್ವಾದ. ಏನರೆ ಹೇಳಬೇಕಾ?

ಸ್ಟೋರ್‌ನ್ಯಾಗ, ನನ್ನಂಗ! ಇದೇ ಊರಾಗ. ಪುಣೆ ಅಂತ ತಿಳಕೊಂಡ ಕುಂತಿದ್ದೆ ನಾ.

ಏನೂ ಇಲ್ಲ ಅಂದೆ. ಗೇಟಿನಾಂವನ ಬಾಯಿಂದ ಹೆಂಗ ಹೇಳಿಸ್ಲಿ?

ನಾಳೆ ರಜಾ ಬರದ ಕೊಟ್ಟೀನಿ. ಕಾರಣ ಅಂತ ಇದ್ದಲ್ಲಿ ಮನೀ ಕೆಲಸ ಅಂತ ಬರದೆ.

ನವೆಂಬರ್ 28, ಮಂಗಳವಾರ. ಹತ್ತೂ ಐವತ್ತು

ಜಳಕ ಆತು. ವಿಭೂತಿ ಹಚ್ಕೊಂಡೆ. ದೀಪ ಐದೂ ಹಸರು.

ಹೆಂಗ ಚಾಲೂ ಮಾಡ್ಲಿ? ಕಲ್ಲೇಶ, ನಾ ಗುರುಶಾಂತ... ಅಲ್ಲ. ಕಲ್ಲ್ಯಾ, ನಾನೋ, ಅಣ್ಣ. ಆಮ್ಯಾಲ ಅವ್ವಂದು. ಆಮ್ಯಾಲ ಮನೀಗೆ ಬಾ ಅನ್ನೂದು. ಶೈಲಾನ್ನೂ ಕರಕೊಂಡ ಬಾ ಅನ್ನೂದು. ಅವಗ ಅನಸಬಾರದು ಅವ್ವ ಸತ್ತದ್ದಕ್ಕ ಕರೀತಾನ ಅಂತ. ಆದ್ರ ಖರೇ ಅಂದ್ರ ಅದಕ್ಕ ಅಲ್ಲೇನು?

ಹನ್ನೊಂದೂ ಹದಿನಾಲ್ಕು. ನೀರ ಕುಡದೆ.

ಅದೇ ದಿನಾ, ಹನ್ನೊಂದೂ ಮೂವತ್ತು

ಬಂತು. ಎತ್ತಿದೆ. ಸೆಟ್ ಕಿವಿಗೆ ಒತ್ತಿ ಹಿಡದೆ. ಅಂವನಾ ಚಾಲೂ ಮಾಡಿದ, ಸಣ್ಣ ದನಿಲೆ.

"ಅವ್ವಾ? ಎತ್ತಿದ್ಯಾ? ಯವ್ವಾ, ಎಷ್ಟ ದಿನಾತ ಬೇ... ನಾ ಎಷ್ಟ ಹಚ್ಚಿನಿ. ಮಾತಾಡು. ಯಾಕ, ಅಣ್ಣ ಮನ್ಯಾಗ ಅದಾನೇನು? ಅದಾನಂದ್ರ ಕೆಮ್ಮ ಬೇ, ಯಾವಾಗಲೂ ಕೆಮ್ಮಿದಂಗ. ನಾ ಇಡ್ತೀನಿ."

ನಾ ಬಾಯಿ ತಗದೆ.  ಉಸರ ಎಳಕೊಂಡ್ನಿ, ನೆತ್ತಿಗೆ ಹತ್ತಿತು, ಕೆಮ್ಮು ಬಂತು.

"ಹ್ಞೂಂ ಹ್ಞೂಂ, ತಿಳೀತು. ನೀ ಆರಾಮ ಅದೀಯಲ್ಲ, ಅಷ್ಟ ಸಾಕು ನನಗ. ನಾಳೆ ಹಚ್ತೀನಿ" ಅಂದ. ನಕ್ಕ. ಖುಷಿಲೆ ನಕ್ಕ. ಇಟ್ಟ.

ಎಂಥಾ ಕೆಲಸಾತ ಇದು! ತಾಯಿ ಅದಾಳಂತ ತಿಳಕೊಂಡ ನಕ್ಕೋತ ಕೆಲಸಕ್ಕ ಹೋಗಾಕತ್ಯಾನ.

ಹೊಳ್ಳಿ ಹಚ್ಚಿದೆ. ಎಂಗೇಜ್. ಮತ್ತ ಹಚ್ಚಿದೆ. ಗೇಟಿನಾಂವ ಎತ್ತಿದ. ಕಲ್ಲೇಶನ್ನ ಕರೀರಿ, ಮನೀಯಿಂದ ಅಂದೆ. ಈಗಷ್ಟ ಒಳಗ ಹ್ವಾದ, ಹಿಡ್ಕೊಳ್ರಿ, ಕರೀತೀನಿ ಅಂದ. ಹಿಡ್ಕೊಂಡೀನಿ. ಕೈ ಸುಮ್ಮನ ಇರವಲ್ದು, ಅದಕ್ಕ ಬರ್ಯಾಕತ್ತೀನಿ. ಲಾರಿ ಸಪ್ಪಳ ಕೇಳ್ತೈತಿ. ಯಾರೋ ಅವನ ಹೆಸರ ಹಿಡದ ಒದರಾಕತ್ಯಾರ.

ಮೊದಲ ಏನ್ ಅನ್ಲಿ? ನನ್ನ ದನಿ ಕೇಳಿದ ಕೂಡ್ಲೆ ಇಡ್ತಾನ ಅಂವ. ಹೆದರಿ ಇಡ್ತಾನ.

ಓಡ್ಕೋತ ಬರಾಕತ್ಯಾನ ಯಾರೋ. ಇಡಬ್ಯಾಡ ಅಂತೀನಿ ಮೊದ್ಲ. ಇಡಬ್ಯಾಡೋ ಕಲ್ಲ್ಯಾ, ಕೆಮ್ಮಿದಾಂವ ನಾ